ಕಾಟಪ್ಪನ ಚಿಲುಮೆಗೆ ಹೊರಟ ಹೊಗೆಸೊಪ್ಪು

ಹೂಂಗುಟ್ಟುವವರು ಹತ್ತಿರ ಬನ್ನಿ, ಆಕಳಿಸುವವರು ಆಚೆ ಹೋಗಿ. ಒಂದೂರಲ್ಲಿ ಚೌಡವ್ವ ಅಂತ ಒಬ್ಬಳು. ಅವಳಿಗೆ ದ್ಯಾವ ಅಂತ ಒಬ್ಬನೇ ಮಗ. ಹೇಳಿದ್ದನ್ನು ಹೇಳಿದ ಹಾಗೇ ಮಾಡುವ ಮಗ ಸಿಗಬೇಕಾದರೆ ಪುಣ್ಯ ಮಾಡಿರಬೇಕು ಅಂತೀರಿ. ಅಂಥವನನ್ನು ಹೆತ್ತೇ ಚೌಡವ್ವನ ತಲೆ ನೆರೆತಿತ್ತು.

ಆದರೆ ಅವಳ ಹೊಟ್ಟೆ ಉರಿಸುತ್ತಿದ್ದದ್ದು ಮಗನ ಪೆದ್ದುತನವಲ್ಲ, ತಂಗಿ ಮಾರವ್ವನ ಗಾಜಿನ ಭರಣಿ. ಇವರ ಅಣ್ಣ ಕಾಟಪ್ಪ ಗುಡ್ಡದಾಚೆ ಊರಿನವನು. ಊಟ ಬಿಟ್ಟಾನು, ಚಿಲುಮೆ ಬಿಡಲಾರ. ಅವನಿಗೆ ಸಿರಿಯವ್ವ ಅಂತ ಮಗಳು. ಸೋದರತ್ತೆಯ ಮನೆಗೇ ಹೆಣ್ಣು ಕೊಡುವುದು ಅವರ ವಾಡಿಕೆ. ಅತ್ತೆಯರು ಇಬ್ಬರು, ಹೆಣ್ಣು ಒಬ್ಬಳು, ಪೇಚು ಅಲ್ಲಿತ್ತು. ಮಾರವ್ವನ ಮಗ ಚಿಕ್ಕೀರ ಬೆಲ್ಲದ ಪಾಕದಲ್ಲಿ ಕಲಸಿದ ಹೊಗೆಸೊಪ್ಪನ್ನು ಭರಣಿಯಲ್ಲಿ ಒಯ್ದು ಮಾವನನ್ನು ಒಲಿಸಿಕೊಳ್ಳುತ್ತಿದ್ದ. ಭರಣಿಯ ಸೊಪ್ಪು ಒಣಗುತ್ತಲೂ ಇರಲಿಲ್ಲ, ಬೂಸಲು ಹಿಡಿಯುತ್ತಲೂ ಇರಲಿಲ್ಲ.

"ನನ್ನ ಬೆನ್ನಿಗೆ ಬಿದ್ದವಳು ನನಗಿಂತ ಮೊದಲು ಸೊಸೆ ತರ್ತಾಳಾ?" ಅಂದುಕೊಂಡು ಚೌಡವ್ವ ತಾನೂ ಸೊಪ್ಪು ಕಲಸಿದಳು. "ದ್ಯಾವ, ನಮಗೆ ಭರಣಿ ಗಿರಣಿ ಇಲ್ಲ. ಕೈಯಲ್ಲೇ ಹಿಡ್ಕೊಂಡು ಹೋಗಿ ಮಾವನಿಗೆ ಕೊಡು."

"ಆಗಲಿ ಕಣವ್ವ."

ಎರಡೂ ಅಂಗೈ ಮೇಲೆ ಸೊಪ್ಪು ಹರವಿಕೊಂಡು ಹೊರಟ. ಅರ್ಧವನ್ನು ಬಿಸಿಲು ಒಣಗಿಸಿತು, ಅರ್ಧವನ್ನು ಗಾಳಿ ಒಯ್ಯಿತು. ಉಳಿದ ಪುಡಿಗೆ ಕಾಟಪ್ಪ ಸಂಜೆತನಕ ಸೀನಿದ.

ಮಗ ಮನೆಗೆ ಬಂದು ಹೇಳಿದಾಗ ಚೌಡವ್ವ ಗದರಿದಳು, "ಅಯ್ಯೋ ಪೆದ್ದ, ಹಸಿ ಬಟ್ಟೇಲಿ ಸುತ್ಕೊಂಡು, ನೀರು ಕಂಡಲ್ಲಿ ನೆನೆಸ್ಕೊಂಡು ಹೋಗಬೇಕಪ್ಪ."

"ಆಗಲಿ ಕಣವ್ವ."

ಮುಂದಿನ ಸಲ ಕೆರೆ ಕಂಡ, ಅದ್ದಿದ. ಬಾವಿ ಕಂಡ, ಅದ್ದಿದ. ಎಮ್ಮೆ ಮಲಗಿದ್ದ ಗುಂಡಿ ಕಂಡ, ಎಮ್ಮೆ ಎಬ್ಬಿಸಿ ಅದ್ದಿದ. ಕಾಟಪ್ಪ ಗಂಟು ಹಿಂಡಿದರೆ ಕಷಾಯ ಸುರಿಯಿತು. ಪಕ್ಕದಲ್ಲೇ ಚಿಕ್ಕೀರ ಭರಣಿ ತೆಗೆದ. ಜಗಲಿಯೆಲ್ಲ ಘಮಘಮ. ಸಿರಿಯವ್ವ ಅವನಿಗೆ ಮಜ್ಜಿಗೆ ತಂದುಕೊಟ್ಟಳು.

"ಮಜ್ಜಿಗೆ ಕೊಟ್ಟಳಾ?" ಚೌಡವ್ವನ ಮುಖ ಕಪ್ಪಿಟ್ಟಿತು. "ಬರೀ ಮಜ್ಜಿಗೇನಾ?"

"ಒಗ್ಗರಣೆ ಹಾಕಿದ್ದಳು ಕಣವ್ವ."

ಆ ಒಗ್ಗರಣೆ ಚೌಡವ್ವನ ಎದೆಯಲ್ಲೇ ಸಿಡಿಯಿತು. ಅಂದು ಅವಳು ಉಣ್ಣಲಿಲ್ಲ. ಹಟ ಹಿಡಿದು ಅಟ್ಟದಿಂದ ಒಣಗಿದ ಸೋರೆಬುರುಡೆ ಇಳಿಸಿದಳು. ಒಳಗೆ ಬಾಳೆಲೆ ಹಾಸಿ, ಸೊಪ್ಪು ಒತ್ತಿ ತುಂಬಿ, ಬಿರಡೆ ಜಡಿದು, ಮೇಲೆ ಸಗಣಿ ಮೆತ್ತಿದಳು. "ಗಾಳಿ ಆಡಬಾರದು. ಜಪ್ಪಯ್ಯ ಅಂದರೂ ಇದನ್ನ ಬಿಚ್ಚಬೇಡ, ಬಿಚ್ಚೋಕೆ ಬಿಡಲೂ ಬೇಡ."

"ಆಗಲಿ ಕಣವ್ವ."

ಕಾಟಪ್ಪ ಚಿಲುಮೆ ಹಿಡಿದು ಕೂತಿದ್ದ. "ಬಿಚ್ಚೋ."

"ಬಿಚ್ಚಬಾರದಂತೆ ಮಾವ."

ಮಾವ ಅತ್ತ ಎಳೆದ, ಅಳಿಯ ಇತ್ತ ಎಳೆದ. ಕೊನೆಗೆ ದ್ಯಾವ ಬುರುಡೆಯನ್ನು ಮಗುವಿನ ಹಾಗೆ ಅವುಚಿಕೊಂಡು ಮನೆಗೇ ತಂದುಬಿಟ್ಟ.

ಚೌಡವ್ವ ಹಣೆ ಹಣೆ ಚಚ್ಚಿಕೊಂಡಳು. "ಒಯ್ದದ್ದನ್ನ ಯಾರಾದರೂ ವಾಪಸ್ ತರ್ತಾರೇನೋ? ಕೇಳಿದವರ ಕೈಗೆ ಕೊಟ್ಟು ಬರಿಗೈಲಿ ಬರಬೇಕು ಕಣೋ."

"ಆಗಲಿ ಕಣವ್ವ."

ಕೆಲವು ದಿನ ಬಿಟ್ಟು ಅದೇ ಬುರುಡೆ ಹೊತ್ತು ಮತ್ತೆ ಹೊರಟ. ಪುಣ್ಯಕ್ಕೆ ದಾರಿಯಲ್ಲಿ ಯಾರೂ ಕೇಳಲಿಲ್ಲ, ಬುರುಡೆ ಮಾವನನ್ನೇ ಸೇರಿತು. ಅದೇ ದಿನ ಗುಡ್ಡದ ಇಳಿಜಾರಲ್ಲಿ ಗಾಡಿ ಕುಲುಕಿ ಚಿಕ್ಕೀರನ ಭರಣಿ ಚೂರು ಚೂರಾಗಿತ್ತು. ಬುರುಡೆಯೊಳಗಿನ ಸೊಪ್ಪೋ, ಅಷ್ಟು ದಿನ ಮುಚ್ಚಿಟ್ಟಿದ್ದಕ್ಕೆ ಹದವಾಗಿ ಮಾಗಿತ್ತು. ಕಾಟಪ್ಪ ಒಂದು ದಮ್ಮು ಎಳೆದ, ಕಣ್ಣು ಮುಚ್ಚಿದ. "ಪೆದ್ದನಾದರೂ ತಾಯಿ ಮಾತು ಮೀರದವನು. ಸಿರಿ ಇವನಿಗೇ," ಅಂದ.

ಹೆಣ್ಣು ಕೊಡುವವರು ಅರಿಸಿನದ ಬಟ್ಟೆಯಲ್ಲಿ ಎಲೆ ಅಡಿಕೆ ಕಟ್ಟಿ ವೀಳ್ಯ ಕಳಿಸುತ್ತಿದ್ದರು. ವೀಳ್ಯ ಯಾವ ಮನೆಯ ದೇವರ ಮುಂದೆ ಕೂತಿತೋ ಹೆಣ್ಣು ಆ ಮನೆಗೆ. ಆಮೇಲೆ ಹೆಣ್ಣಿನಪ್ಪ ಬಂದು ಬಡಕೊಂಡರೂ ಮಾತು ಬದಲಾಗದು. ಅಂಥ ವೀಳ್ಯವನ್ನು ಕಾಟಪ್ಪ ದ್ಯಾವನ ಕೈಗಿಟ್ಟ.

ಊರ ಬಾಗಿಲಲ್ಲಿ ಮಾರವ್ವ ಎದುರಾದಳು. ಅರಿಸಿನದ ಗಂಟು ಕಂಡದ್ದೇ ಅವಳ ಹೊಟ್ಟೆಗೂ ಕಿಚ್ಚು ಬಿತ್ತು. ಅಕ್ಕನಿಗಿದ್ದದ್ದು ತಂಗಿಗಿರದೆ ಇರುತ್ತದೆಯೇ? ಆದರೂ ನಾಲಗೆಗೆ ಬೆಣ್ಣೆ ಸವರಿಕೊಂಡು ಕೇಳಿದಳು, "ಅದನ್ನ ನನಗೆ ಕೊಡ್ತೀಯೇನಪ್ಪ, ನನ್ನ ಬಂಗಾರ?"

"ತಗೋ ಚಿಕ್ಕವ್ವ," ಅಂದ ದ್ಯಾವ.

ಚೌಡವ್ವ ಹೊಸಿಲಲ್ಲೇ ಕಾದಿದ್ದಳು. "ಮಾವ ಏನಂದ? ಏನು ಕೊಟ್ಟ?"

"ಸಿರಿ ನಿನಗೇ ಅಂದ. ವೀಳ್ಯ ಕೊಟ್ಟ."

ಚೌಡವ್ವನ ಮುಖ ಅರಳಿತು. "ಎಲ್ಲೋ, ತಾರೋ ಇಲ್ಲಿ."

"ಚಿಕ್ಕವ್ವ ಕೇಳಿದಳು, ಕೊಟ್ಟೆ. ನೋಡು, ಬರಿಗೈ."

ಅಷ್ಟರಲ್ಲಿ ಹಿಂದಿನ ಬೀದಿಯಲ್ಲಿ ಮಾರವ್ವನ ಮನೆ ಮುಂದೆ ವಾಲಗ ಶುರುವಾಯಿತು. ಚೌಡವ್ವ ಕೂತಲ್ಲೇ ಕುಸಿದು, ಸೆರಗು ಬಾಯಿಗೆ ತುರುಕಿಕೊಂಡು ಅತ್ತಳು.

"ಅಳಬೇಡ ಕಣವ್ವ," ಅಂದ ದ್ಯಾವ. "ನೀ ಹೇಳಿದ್ದನ್ನ ನಾ ಮರೆತಿಲ್ಲ. ಮದುವೆ ಪಾಯಸಕ್ಕೆ ಬೆಲ್ಲ ಸಾಲದು ಅಂತ ಚಿಕ್ಕವ್ವ ಅದನ್ನೂ ಕೇಳಿದಾಳೆ."

ಹಾಗೆಂದು ಮೂಲೆಯ ಬೆಲ್ಲದ ಗಡಿಗೆ ತಲೆಗೇರಿಸಿಕೊಂಡು, ವಾಲಗದ ಸದ್ದು ಹಿಡಿದು ಚಿಕ್ಕವ್ವನ ಮನೆಗೆ ಹೊರಟೇಬಿಟ್ಟ.