ಕೆಮ್ಮು ತಡೆದುಕೊಂಡ ಇಂಜಿನ್

ಹಡಗಿನ ಇಂಜಿನಿಯರಿಂಗ್ ಕಲಿಸುವ ಕಾಲೇಜೊಂದರಲ್ಲಿ ಒಂದು ಮುದಿ ಇಂಜಿನ್ ಇತ್ತು. ಮಕ್ಕಳು ಅದನ್ನೇ ಬಿಚ್ಚಿ, ಅದನ್ನೇ ಜೋಡಿಸಿ ವಿದ್ಯೆ ಕಲಿಯುತ್ತಿದ್ದರು. ಹೊಸ ಇಂಜಿನ್ನಿಗೆ ಅನುದಾನ ಕೊಡಬೇಕೋ ಬೇಡವೋ ಎಂದು ನೋಡಲು ಹಿರಿಯ ಇಂಜಿನಿಯರ್ ವಾರಿಜಾ ಖಾರ್ವಿ ಬರುವವರಿದ್ದರು.

"ಅಜ್ಜಾ, ಇವತ್ತು ಚೆನ್ನಾಗಿ ಕೆಮ್ಮು," ಎಂದಿತು ಸ್ಕ್ರೂಡ್ರೈವರ್. "ನೀನು ಸರಿಯಾಗಿ ಓಡಿದರೆ ಹೊಸದೇಕೆ ಎಂದುಬಿಡುತ್ತಾರೆ."

"ಬಂದವರ ಮುಂದೆ ನನ್ನ ಮಕ್ಕಳ ಮಾನ ಕಳೆಯಲೇ? ಆಗದ ಮಾತು!"

ವಾರಿಜಾ ಬಂದರು. ಮಕ್ಕಳು ಚಾಲೂ ಮಾಡಿದರು. ಇಂಜಿನ್ ಹಲ್ಲು ಕಚ್ಚಿ ಒಂದೇ ಸಮನೆ ಓಡಿತು. ಸ್ಕ್ರೂಡ್ರೈವರಿಗೆ ಅಳುವೇ ಬಂತು. ಆದರೆ ಆಕೆಯದು ಪಳಗಿದ ಕೈ. ಸ್ಕ್ರೂಡ್ರೈವರಿನ ತುದಿಯನ್ನು ಇಂಜಿನ್ನಿಗೆ ಒತ್ತಿ, ಹಿಡಿಯನ್ನು ಕಿವಿಗಿಟ್ಟು ಆಲಿಸಿದರು. ಒಳಗೆ ಬೇರಿಂಗುಗಳೆಲ್ಲ ನರಳುತ್ತಿದ್ದವು. ಸ್ಕ್ರೂಡ್ರೈವರ್ ಒಂದನ್ನೂ ಬಿಡದೆ ಕಿವಿಯಲ್ಲಿ ಹೇಳಿತು.

"ಇಷ್ಟು ಸವೆದದ್ದನ್ನು ಇಷ್ಟು ಚಂದ ಓಡಿಸ್ತೀರಲ್ಲ ಮಕ್ಕಳೇ! ನಿಮಗಲ್ಲದೆ ಇನ್ಯಾರಿಗೆ ಕೊಡಲಿ ಹೊಸದು?" ಎಂದು ಆಕೆ ಅಲ್ಲೇ ಸಹಿ ಹಾಕಿದರು.

ಅವರ ಕಾರು ಗೇಟು ದಾಟಿತು.

"ಹೋದರೇನೋ?" ಓಡುತ್ತಲೇ ಕೇಳಿತು ಇಂಜಿನ್.

"ಹೋದರು ಅಜ್ಜಾ."

ಆಗ ಇಂಜಿನ್ ತಡೆದಿಟ್ಟುಕೊಂಡಿದ್ದ ಕೆಮ್ಮನ್ನೆಲ್ಲ ಹೊಗೆ ಸಮೇತ ಕೆಮ್ಮಿಬಿಟ್ಟಿತು.