ಪೂಜೆಯ ಜರಡಿ

ಹುಬ್ಬಳ್ಳಿಯ ಮುಚ್ಚಿಹೋದ ಹತ್ತಿ ಗಿರಣಿಯೊಂದರ ಹಿಂಬದಿಯಲ್ಲಿ, ತಗಡಿನ ಮಾಡಿನ ಒಂದೇ ಕೋಣೆಯಲ್ಲಿ ಪೂಜ್ಯ ಗುರುಸಿದ್ಧಮ್ಮ ತಾಯಿಯವರು ವಾಸವಾಗಿದ್ದರು. ಕೋಣೆಯ ಮುಂದೆ ಕಟ್ಟೆ, ಕಟ್ಟೆಯ ಪಕ್ಕದಲ್ಲಿ ನೀರಿನ ತೊಟ್ಟಿ, ಅದರಾಚೆ ಬದನೆ ಮತ್ತು ಮೆಣಸಿನ ಪಾತಿಗಳು. ಆಶ್ರಮವೆಂದರೆ ಇಷ್ಟೇ. ಭಕ್ತರಿಗೆ ಕೊಡುವ ವಿಭೂತಿಯನ್ನು ತಾಯಿಯವರು ಸ್ವಹಸ್ತದಿಂದಲೇ ಸಿದ್ಧಪಡಿಸುತ್ತಿದ್ದರು. ಆ ಬೆಳಿಗ್ಗೆಯೂ ಕಟ್ಟೆಯ ಮೇಲೆ ಕುಳಿತು, ಹರಿದ ಅರಿವೆಯೊಂದರಲ್ಲಿ ಬೂದಿ ಸೋಸುತ್ತಿದ್ದರು.

ಇಂದುಮತಿ ಪಟ್ಟಣಶೆಟ್ಟಿಯವರಿಗೆ ಸಾಧುಸಂತರಲ್ಲಿ ಹೆಚ್ಚಿನ ನಂಬಿಕೆ ಇರಲಿಲ್ಲ. ನಿತ್ಯ ಸ್ನಾನ, ಪೂಜೆ, ಹಣೆಯ ತುಂಬ ವಿಭೂತಿ ಇಷ್ಟನ್ನು ಚ್ಯುತಿಯಿಲ್ಲದೆ ನಡೆಸಿಕೊಂಡು ಬಂದವರಿಗೆ ಇನ್ನೊಬ್ಬರ ಉಪದೇಶ ಏಕೆ ಬೇಕೆಂಬುದು ಅವರ ನಿಲುವು. ಸೊಸೆಯನ್ನು ತವರಿಗೆ ಕಳಿಸುವುದೇ ಆದರೆ ತಾಯಿಯವರನ್ನು ಒಂದು ಮಾತು ಕೇಳಿ ಕಳಿಸಬೇಕೆಂದು ಪತಿ ಹಟ ಹಿಡಿದಿದ್ದರಿಂದ ಮಾತ್ರ ಅವರು ಬಂದಿದ್ದರು. ರಸ್ತೆಯಲ್ಲಿ ಆಟೋ ನಿಂತಿತ್ತು. ಅದರೊಳಗೆ ಸೊಸೆ ವನಮಾಲಾಳ ಸೂಟ್‌ಕೇಸ್ ಇತ್ತು. ಇಲ್ಲಿಂದ ನೇರ ಸ್ಟೇಶನ್ನಿಗೆ ಹೋಗುವುದೆಂದು ತೀರ್ಮಾನವಾಗಿತ್ತು.

ಇಂದುಮತಿಯವರು ಚೀಲದಿಂದ ಹಿತ್ತಾಳೆಯ ಜರಡಿಯೊಂದನ್ನು ತೆಗೆದು, ಬೆರಳ ತುದಿಯಲ್ಲಿ ಹಿಡಿದು ತೋರಿಸಿದರು.

"ನನ್ನ ಮದುವ್ಯಾಗ ನಮ್ಮವ್ವ ಕೊಟ್ಟದ್ದರೀ ಇದು. ನೈವೇದ್ಯದ ಹಿಟ್ಟು ಬಿಟ್ರ ಬ್ಯಾರೆ ಏನೂ ಸೋಸಿಲ್ಲ. ದೇವರ ಕೋಣ್ಯಾಗ ಮೊಳಿಗೇ ತೂಗಹಾಕಿರ್ತಿದ್ದೆ. ಈಕಿ ಒಯ್ದು ಇದರಾಗ ಸೆಗಣಿ ಗೊಬ್ಬರ ಹಾಕ್ಯಾಳ."

"ಹಿತ್ತಲದಾಗ ಗಿಡಕ್ಕ ಉದುರಸಾಕರೀ, ತಾಯಿ," ಎಂದಳು ಪಕ್ಕದಲ್ಲೇ ನಿಂತಿದ್ದ ವನಮಾಲಾ. "ಕೈಲೆ ಹಾಕಿದ್ರ ಹೆಂಟಿ ಹೆಂಟಿನ ಬೀಳ್ತಿತ್ತು, ಎಳೀ ಸಸಿ ಸುಟ್ಟು ಹೋಗ್ತಿದ್ವು. ಅತ್ತಿಯವರು ಗೊಬ್ಬರ ಹರಡೋ ಯಂತ್ರ ತರಸ್ತೀನಿ ಅಂದ್ರು. ನಮ್ಮ ಹಿತ್ತಲದಾಗ ಅದನ್ನ ತಿರುಗಸಾಕೂ ಜಾಗಾ ಇಲ್ಲ. ಅಷ್ಟು ರೊಕ್ಕ ಯಾಕ ಕಳೀಬೇಕು ಅಂತ ಕೈಗೆ ಸಿಕ್ಕ ಜರಡಿ ತಗೊಂಡೆ. ಪೂಜಾದ್ದು ಅಂತ ಗೊತ್ತಿರಲಿಲ್ಲ."

"ಗೊತ್ತಾದ ಮ್ಯಾಲರೆ ತಪ್ಪಾತು ಅಂದ್ಯಾ?"

"ತೊಳದು ಕೊಟ್ನೆಲ್ರೀ."

"ಕೇಳಿದ್ರಾ," ಎಂದು ಇಂದುಮತಿಯವರು ತಾಯಿಯವರತ್ತ ತಿರುಗಿದರು. "ದಿನಾ ಇದ ಮಾತು. ದೇವರ ಸಾಮಾನು ಯಾವುದು, ಹಿತ್ತಲದ್ದು ಯಾವುದು ತಿಳೀದಾಕಿ ನಮ್ಮ ಮನಿಗೆ ಹೊಂದೂದಿಲ್ರೀ."

ತಾಯಿಯವರು ಬೂದಿಯ ಅರಿವೆಯನ್ನು ಪಕ್ಕಕ್ಕಿಟ್ಟರು. ಕೈ ಚಾಚಿ ಜರಡಿಯನ್ನು ಪಡೆದುಕೊಂಡರು. ಮೈಲಿಗೆಯನ್ನು ಪರೀಕ್ಷಿಸುವರೆಂದು ಇಂದುಮತಿಯವರು ಭಾವಿಸಿದರು. ತಾಯಿಯವರು ಎದ್ದು ಪಾತಿಗಳ ಬಳಿಗೆ ಹೋದರು. ಬೇಲಿಯ ಬದಿಯ ಗೊಬ್ಬರದ ಗುಡ್ಡೆಯಿಂದ ಒಂದು ಬೊಗಸೆ ತೆಗೆದು ಜರಡಿಗೆ ಹಾಕಿ, ಅಂಗೈಯಿಂದ ಅದರ ಅಂಚನ್ನು ಮೆಲ್ಲಗೆ ತಟ್ಟುತ್ತಾ ಗಿಡದಿಂದ ಗಿಡಕ್ಕೆ ನಡೆದರು. ಹೆಂಟೆಗಳು ಮೇಲೆ ಉಳಿದವು. ನುಣುಪಾದದ್ದು ಮಣ್ಣಿನ ಮೇಲೆ ತೆಳ್ಳಗೆ, ಸಮನಾಗಿ ಬಿದ್ದಿತು.

"ಬುಡಕ್ಕ ಮುಟ್ಟಸಬ್ಯಾಡ, ಸುತ್ತ ಉದುರಸು," ಎಂದು ವನಮಾಲಾಳಿಗೆ ಹೇಳಿದರು. "ಇದ ಸಾಕು. ಯಂತ್ರ ಬ್ಯಾಡ."

ಇಂದುಮತಿಯವರ ಮುಖ ಬಿಗಿಯಿತು. ಇಷ್ಟಕ್ಕಾಗಿ ಇಲ್ಲಿಯವರೆಗೆ ಬರಬೇಕಿತ್ತೇ ಎಂದುಕೊಂಡು ಅವರು ಆಟೋದತ್ತ ನೋಡಿದರು.

ತಾಯಿಯವರು ತೊಟ್ಟಿಯ ನೀರಿನಲ್ಲಿ ಜರಡಿಯನ್ನು ತೊಳೆದರು. ಉಟ್ಟ ಕಾವಿಯ ಸೆರಗಿನಿಂದಲೇ ಒರೆಸಿ, ಬಿಸಿಲಿಗೆ ಹಿಡಿದು, ಪೂರ್ತಿ ಒಣಗುವವರೆಗೆ ನಿಂತಿದ್ದರು. ಬಳಿಕ ಕಟ್ಟೆಗೆ ಮರಳಿ, ಹರಿದ ಅರಿವೆಯಲ್ಲಿದ್ದ ಬೂದಿಯನ್ನು ಅದೇ ಜರಡಿಗೆ ಸುರಿಯತೊಡಗಿದರು.

ಇಂದುಮತಿಯವರು ತಡೆಯಲಾರದೆ ಕೈ ಅಡ್ಡ ಹಿಡಿದರು. "ತಾಯಿ, ವಿಭೂತಿಗೆ ಅದು ಬ್ಯಾಡ್ರೀ. ಸೆಗಣಿ ಮುಟ್ಟೇತಿ ಅದಕ್ಕ."

ತಾಯಿಯವರು ತಲೆ ಎತ್ತಿ ಅವರ ಹಣೆಯನ್ನು ನೋಡಿದರು.

"ಈ ಬೂದಿನೂ ಸೆಗಣಿನ ಐತವ್ವಾ. ಇದು ಬೆಂಕಿ ಕಂಡೈತಿ, ಅದು ಬಿಸಿಲು ಕಂಡೈತಿ. ಅಷ್ಟ."

ಇಂದುಮತಿಯವರ ಕೈ ತಾನಾಗಿ ಹಣೆಗೆ ಹೋಗಿ ನಿಂತಿತು. ಬಾಲ್ಯದಿಂದ ಧರಿಸುತ್ತ ಬಂದ ವಿಭೂತಿ ಯಾವುದರಿಂದ ಆದದ್ದೆಂಬುದು ಅವರಿಗೆ ತಿಳಿಯದ ಸಂಗತಿಯೇನಲ್ಲ. ಆದರೆ ಪ್ರತಿದಿನ ಬೆಳಿಗ್ಗೆ ಬೆರಳಿಗೆ ಹತ್ತಿದ್ದ ಅದನ್ನು ಅವರು ಎಂದೂ ಹೀಗೆ ನೋಡಿರಲಿಲ್ಲ. ಪಕ್ಕದಲ್ಲಿ ನಿಂತ ಹುಡುಗಿಯನ್ನೂ ಅಷ್ಟೇ.

ಜರಡಿಯಿಂದ ಬೂದಿ ಸದ್ದಿಲ್ಲದೆ ಇಳಿಯಿತು. ತಾಯಿಯವರು ಒಂದು ಚಿಟಿಕೆ ತೆಗೆದು ಇಂದುಮತಿಯವರ ಅಂಗೈಗೆ ಹಾಕಿದರು. ಅವರು ಮೂರು ಬೆರಳಿನಿಂದ ಹಣೆಗೆ ಹಚ್ಚಿಕೊಂಡರು. ಕೈಯಲ್ಲಿ ಇನ್ನೂ ಉಳಿದಿತ್ತು. ವನಮಾಲಾಳ ಕಡೆ ತಿರುಗಿ, "ಬಗ್ಗು," ಎಂದರು. ಅವಳು ಬಗ್ಗಿದಳು.

ತಾಯಿಯವರು ಮರಳಿಸಿದ ಜರಡಿಯನ್ನು ಇಂದುಮತಿಯವರು ಚೀಲಕ್ಕೆ ಹಾಕಿಕೊಂಡರು. ಇಬ್ಬರೂ ತಾಯಿಯವರಿಗೆ ನಮಸ್ಕರಿಸಿ ಆಟೋ ಹತ್ತಿದರು. ಸೂಟ್‌ಕೇಸ್ ಇಬ್ಬರ ನಡುವೆ ಇತ್ತು.

"ಸ್ಟೇಶನ್ನಿಗೆ ಹೋಗೂದಲ್ರೀ, ಅಕ್ಕಾರ?" ಎಂದು ಆಟೋದವನು ಕೇಳಿದನು.

"ಮನಿಗೆ ನಡಿ."

ಇಂದುಮತಿಯವರು ಚೀಲದಿಂದ ಜರಡಿಯನ್ನು ತೆಗೆದು ಸೊಸೆಯ ಮಡಿಲಲ್ಲಿ ಇಟ್ಟರು. ಅದರ ಅಂಚಿನಲ್ಲಿ ಬೂದಿ ಇನ್ನೂ ಬೆಳ್ಳಗೆ ಅಂಟಿಕೊಂಡಿತ್ತು.

"ಇನ್ನ ಮ್ಯಾಲೆ ಇದನ್ನ ನೀನ ನೋಡಿಕೊ," ಎಂದರು, ಎದುರಿನ ರಸ್ತೆಯನ್ನೇ ನೋಡುತ್ತ. "ಹಿತ್ತಲದ ಕೆಲಸ ಮುಗದ ಮ್ಯಾಲೆ ತೊಳದು, ಬಿಸಲಾಗ ಒಣಗಿಸಿ, ಅದ ಮೊಳಿಗೆ ಹಾಕು."