ಮರಕುಟುಕಿ ಕೀಲಿಮಣೆ ಬದಲಿಸಿದ್ದು

“ಆಮೆಯಜ್ಜಾ, ನನ್ನ ಮನೆಗೆ ದಾರಿ ಯಾವುದು?”

ಲೋಕ ಆಗಿನ್ನೂ ಹೊಸದು. ಮರಗಳಿಗೆ ಒಂದು ಕಡೆ ನಿಲ್ಲುವ ಅಭ್ಯಾಸವಾಗಿರಲಿಲ್ಲ. ಮರಕುಟುಕಿ ಹೊಳೆಯಲ್ಲಿ ನೀರು ಕುಡಿದು ತಿರುಗುವಷ್ಟರಲ್ಲಿ ಅವಳ ಗೂಡಿದ್ದ ಮರ ಎಲ್ಲಿಗೋ ನಡೆದುಹೋಗಿತ್ತು. ಗೂಡಿನಲ್ಲಿ ಗಂಡ ಮೊಟ್ಟೆಗಳ ಮೇಲೆ ಕೂತಿದ್ದ, ಬೆಳಿಗ್ಗೆಯಿಂದ ಉಪವಾಸ. ಹಸಿವು ತಾಳದೆ ಅವನು ಎದ್ದರೆ ಮೊಟ್ಟೆಗಳು ತಣ್ಣಗಾಗುತ್ತವೆ.

“ನನ್ನನ್ನ ಕೇಳ್ತೀಯಲ್ಲ, ನಾನು ಮನೇನ ಬೆನ್ನ ಮೇಲೇ ಹೊತ್ಕೊಂಡು ತಿರುಗೋನು,” ಅಂದ ಆಮೆಯಜ್ಜ. “ಎಲ್ಲರ ಹಾಗೆ ಬಂಡೆ ಮೇಲೆ ಬರೆದು ಕೇಳಮ್ಮ.”

ಹೊಳೆದಂಡೆಯ ಆ ಬಂಡೆಯೇ ಕಾಡಿನ ಕೀಲಿಮಣೆ. ಅಕ್ಷರಕ್ಕೊಂದು ಚೌಕ. ಲ್ಯಾಪ್‌ಟಾಪಿನದರ ಹಾಗೆ ಚಪ್ಪಟೆ, ಸದ್ದೇ ಇಲ್ಲ. ಒತ್ತಿದ್ದನ್ನು ನೆಲ ಒಯ್ದು ಮುಟ್ಟಿಸಬೇಕು.

‘ಎಲ್ಲಿದ್ದೀಯ?’ ಎಂದು ಒತ್ತಿದಳು. ಅಕ್ಷರ ಬಿತ್ತೋ ಇಲ್ಲವೋ ಕೊಕ್ಕಿಗೆ ತಿಳಿಯಲಿಲ್ಲ. ಮತ್ತೆ ಒತ್ತಿದಳು. ಮತ್ತೂ ಒತ್ತಿದಳು. ಕೊಕ್ಕು ನೊಂದಿತು, ಉತ್ತರ ಬರಲಿಲ್ಲ.

ಪಕ್ಕದಲ್ಲಿ ನಡೆಯಲಾರದ ಒಂದು ಒಣಮರವಿತ್ತು. “ನನ್ನ ಮೇಲೆ ಬರಿ ತಾಯಿ,” ಅಂದಿತು. “ಆದರೆ ಒಳಗೆಲ್ಲ ಹುಳ ಕೊರೀತಾ ಇವೆ. ಆಮೇಲೆ ತೆಗೆದುಕೊಡಬೇಕು.”

“ಆಗಲಿ.”

ಅದರ ತೊಗಟೆಯ ಬಿಲ್ಲೆಗಳು ಈಗಿನ ಮೆಕ್ಯಾನಿಕಲ್ ಕೀಬೋರ್ಡಿನ ಗುಂಡಿಗಳಂತೆ. ಒತ್ತಿದರೆ ಒಳಗಿಳಿದು, ಟಕ್ ಎಂದು ಮೇಲೇಳುತ್ತಿದ್ದವು. ಇಳಿದದ್ದೂ ಗೊತ್ತಾಗುತ್ತಿತ್ತು, ಎದ್ದದ್ದೂ ಗೊತ್ತಾಗುತ್ತಿತ್ತು. ಟಕ್ ಟಕ್ ಟಕ್.

ಗೂಬೆಯ ಹಗಲುನಿದ್ದೆ ಕೆಟ್ಟಿತು. “ಏನಮ್ಮಾ ಗಲಾಟೆ? ಮರ್ಯಾದಸ್ಥರು ಇರೋ ಕಾಡು ಇದು. ಬಂಡೆ ಇಲ್ವಾ?”

“ಬಂಡೇನ ನೀವೇ ಇಟ್ಕೊಳ್ಳಿ ರಾಯರೇ, ಮರ್ಯಾದೇನೂ ಇಟ್ಕೊಳ್ಳಿ.” ಟಕ್ ಟಕ್ ಟಕ್.

“ನಿಲ್ಲಿಸ್ತೀಯೋ ಇಲ್ವೋ?”

“ಇಲ್ಲ.”

ಗಾಳಿ ಬೈಯಿತು. ಹೊಳೆ ಗೊಣಗಿತು. ಅವಳು ಇನ್ನೂ ಜೋರಾಗಿ ಕುಟ್ಟಿದಳು.

ಆಗ ಗುಡ್ಡದಾಚೆಯಿಂದ ಸಣ್ಣಗೆ ಕೇಳಿತು, ಟಕ್ ಟಕ್. ಗಂಡ ಕೂತಲ್ಲಿಂದಲೇ ಮರ ಕುಟ್ಟಿ ಉತ್ತರ ಕೊಟ್ಟಿದ್ದ. ಆ ಸದ್ದಿನ ಜಾಡು ಹಿಡಿದು ಹಾರಿದಳು. ಮೊಟ್ಟೆಗಳು ಇನ್ನೂ ಬೆಚ್ಚಗಿದ್ದವು.

ಮರುದಿನ ಒಣಮರದ ಹತ್ತಿರ ಬಂದಳು. ಗೂಬೆ ಒಂದು ಕಣ್ಣು ತೆರೆದು ನೋಡುತ್ತಿತ್ತು. ಬೇಕೆಂದೇ ನಾಲ್ಕು ಸಲ ಹೆಚ್ಚಿಗೆ ಕುಟ್ಟಿ, ಆಮೇಲೆ ಕೊಕ್ಕು ತೂರಿಸಿ ಹುಳಗಳನ್ನು ಒಂದೊಂದಾಗಿ ಹೊರಗೆಳೆದಳು.

ಅದಕ್ಕೇ ಮಗು, ಇವತ್ತಿಗೂ ಮರಕುಟುಕ ಒಣಮರ ಕಂಡರೆ ಮೊದಲು ಕಾಡಿಗೆಲ್ಲ ಕೇಳುವಂತೆ ಕುಟ್ಟುತ್ತದೆ, ಆಮೇಲೆ ಹುಳ ತೆಗೆದು ಮರದ ಋಣ ತೀರಿಸುತ್ತದೆ.